ಸೇವೆ ಬಿಟ್ಟಿಯಲ್ಲ, ಭಿಕ್ಷೆಯೂ ಅಲ್ಲ



ಹೋದ ವಾರ ಜೋರಾಪುರ ಪೇಟೆಯ ನಮ್ಮ ಕೋಣೆಯಲ್ಲಿ ಸಭೆ ಮುಗಿದ ಮೇಲೂ ಹಾಸ್ಟೆಲಿನ ಐದಾರು ಹುಡುಗರು ಎದ್ದು ಹೋಗದೆ ಕೂತರು. ಬಿ.ಎ. ಕೊನೆಯ ವರ್ಷದವರು. ಬಬಲೇಶ್ವರ ಕಡೆಯ ಒಬ್ಬ ತಮ್ಮ ಕೇಳಿದ: "ಅಣ್ಣಾ, ಎಂ.ಎಸ್.ಡಬ್ಲ್ಯೂ. ಮಾಡಿದ್ರ ನೌಕರಿ ಸಿಗತೈತೇನು? ಸಮಾಜಸೇವಾ ಕಲಸ್ತಾರಂತ." ಬದಿಗೆ ಕೂತಿದ್ದ ತಿಕೋಟಾದ ಹುಡುಗನಿಗೆ ನಗು ತಡೆಯಲಿಲ್ಲ. "ನಮ್ಮ ಆಯಿ ಜೀವಮಾನ ಪೂರ್ತಿ ಸೇವಾನ ಮಾಡ್ಯಾಳ. ಗೌಡರ ಅಂಗಳಾ ಕಸಾ ಹೊಡದಾಳ. ನಮ್ಮ ಮುತ್ಯಾ ಊರಾಗ ಸತ್ತ ದನಾ ಎಳದಾನ. ಅವ್ರಿಗೆ ಯಾವ ಕಾಲೇಜಿನವ್ರೂ ಡಿಗ್ರಿ ಕೊಡಲಿಲ್ಲ ನೋಡು."

ಎಲ್ಲರೂ ನಕ್ಕೆವು. ನಕ್ಕ ಮೇಲೆ ಯಾರಿಗೂ ಮಾತು ಬರಲಿಲ್ಲ.

ಆ ಪ್ರಶ್ನೆಗೂ ಆ ನಗುವಿಗೂ ಅವತ್ತು ನೆಟ್ಟಗೆ ಉತ್ತರ ಕೊಡಲು ನನಗೆ ಆಗಲಿಲ್ಲ. ಅದಕ್ಕೇ ಈ ಸಲದ ಸಂಪಾದಕೀಯ.

ಸೇವೆ ಎಂಬ ಶಬ್ದಕ್ಕೆ ನಮ್ಮ ಕೇರಿಯಲ್ಲಿ ಒಳ್ಳೆಯ ಹೆಸರಿಲ್ಲ. ಮನುವಿನ ಶಾಸ್ತ್ರ ಶೂದ್ರನಿಗೆ ಹೇಳಿದ ಧರ್ಮ ಒಂದೇ, ಮೇಲಿನವರ ಸೇವೆ. ಶೂದ್ರರಿಗಿಂತಲೂ ಆಚೆ ನಿಂತಿದ್ದ ನಮಗೆ ಸೇವೆಯ ಪುಣ್ಯವೂ ಇಲ್ಲ, ಕೂಲಿಯೂ ಇಲ್ಲ. ಹಲಗಿ ಬಾರಿಸು, ಸಾವಿನ ಸುದ್ದಿ ಮುಟ್ಟಿಸು, ಕುಣಿ ತೋಡು, ಸರಕಾರದ ಟಪಾಲು ಹೊತ್ತು ಮುಂದಿನ ಊರಿಗೆ ಓಡು. ಇಷ್ಟೆಲ್ಲಕ್ಕೂ ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಕೈಯೊಡ್ಡಿದರೆ ಒಂದಿಷ್ಟು ಜೋಳ. 1928ರಲ್ಲಿ ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ವತನ ಕಾಯ್ದೆಯ ತಿದ್ದುಪಡಿಗೆ ಮಸೂದೆ ಮಂಡಿಸಿದರು. 1874ರ ಆ ಕಾಯ್ದೆಯ ಹೆಸರಿನಲ್ಲಿ ಮಹಾರರನ್ನು ಹಗಲಿರುಳು ದುಡಿಸಿಕೊಂಡು ಕೈಗೆ ಏನೂ ಕೊಡದ ಪದ್ಧತಿಯನ್ನು ಅವರು ಸಭೆಯ ಮುಂದೆ ಬಿಚ್ಚಿಟ್ಟರು. ಆಗ ನಮ್ಮ ಬಿಜಾಪುರವೂ ಮುಂಬಯಿ ಪ್ರಾಂತದಲ್ಲೇ ಇತ್ತು. ದುಡಿಮೆಗೆ ಗೊತ್ತಾದ ಸಂಬಳ ಇರಬೇಕು, ಅದು ಊರವರ ದಯೆ ಆಗಬಾರದು. ಇಷ್ಟು ಸರಳ ಮಾತನ್ನು ಕಾನೂನಿನ ಬಾಯಲ್ಲಿ ಹೇಳಿಸಲು ಅಷ್ಟು ದೊಡ್ಡ ಹೋರಾಟ ಬೇಕಾಯಿತು.

ಹಾಗಾಗಿ ತಿಕೋಟಾದ ತಮ್ಮನ ನಗು ಸುಮ್ಮನೆ ಬಂದ ನಗು ಅಲ್ಲ. ನೂರಾರು ವರ್ಷ ಸೇವೆ ಮಾಡಿಸಿಕೊಂಡವರೇ ಈಗ ಅದೇ ಸೇವೆಗೆ ಫೀ ಕಟ್ಟಿಸಿಕೊಂಡು ಪಾಠ ಹೇಳುತ್ತಾರೆ ಅಂದರೆ ಯಾರಿಗೆ ನಗು ಬರುವುದಿಲ್ಲ?

ಆದರೆ ಇನ್ನೊಂದು ಕಥೆಯೂ ಇದೆ. ಅದು ನಮ್ಮ ನೆಲದ್ದೇ. 1873ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆ 1906ರಲ್ಲಿ ಮುಂಬಯಿಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅಸ್ಪೃಶ್ಯರ ಮಕ್ಕಳಿಗೆ ಶಾಲೆ ತೆಗೆದರು. ಅವರು ಮೇಲಿನಿಂದ ಇಳಿದು ಬಂದು ಕೆಲಸ ಮಾಡಿದವರು. 1924ರಲ್ಲಿ ಬಾಬಾಸಾಹೇಬರು ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದಾಗ ಮಾತೇ ಬದಲಾಯಿತು. ನಮ್ಮ ಕೆಲಸಕ್ಕೆ ನಾವೇ ನಿಂತೆವು. ಆ ಸಭೆ ಮೊದಲು ಕೈಹಾಕಿದ ಕೆಲಸಗಳಲ್ಲಿ ಒಂದು, 1925ರಲ್ಲಿ ಸೊಲ್ಲಾಪುರದಲ್ಲಿ ತೆಗೆದ ಹಾಸ್ಟೆಲು. ಇಲ್ಲಿಂದ ನೂರು ಕಿಲೋಮೀಟರು. ಇವತ್ತು ಹಾಸ್ಟೆಲಿನ ಕಬ್ಬಿಣದ ಮಂಚದ ಮೇಲೆ ಕೂತು ಈ ಹಾಳೆ ಓದುತ್ತಿರುವ ತಮ್ಮಾ, ನಿನ್ನ ಮಂಚದ ಬೇರು ಅಲ್ಲಿದೆ. ಅಲ್ಲಿ ಊಟ, ಹಾಸಿಗೆ, ಪುಸ್ತಕ ಹೊಂದಿಸಿದವರು ಯಾರೂ ಎಂ.ಎಸ್.ಡಬ್ಲ್ಯೂ. ಮಾಡಿದವರಲ್ಲ. ಆದರೆ ಇಂದು ಪುಸ್ತಕದಲ್ಲಿ 'ಸಮುದಾಯ ಸಂಘಟನೆ' ಅಂತ ಬರೆಯುವ ಪಾಠವನ್ನು ಅವರು ಬದುಕಿ ತೋರಿಸಿದರು.

ಇದೇ ಸಾಲಿನಲ್ಲಿ ಒಂದು ಪತ್ರದ ಸಂಗತಿ ಹೇಳಲೇಬೇಕು. 1932ರ ಪುಣೆ ಒಪ್ಪಂದದ ಬೆನ್ನಿಗೆ ಗಾಂಧಿಯವರ ಪ್ರೇರಣೆಯಿಂದ ಅಸ್ಪೃಶ್ಯತಾ ನಿವಾರಣೆಯ ಸಂಘ ಹುಟ್ಟಿತು. ಮುಂದೆ ಅದೇ ಹರಿಜನ ಸೇವಕ ಸಂಘವಾಯಿತು. ಆ ನವೆಂಬರಿನಲ್ಲಿ ಮೂರನೆಯ ದುಂಡುಮೇಜಿನ ಪರಿಷತ್ತಿಗೆ ಹೊರಟಿದ್ದ ಬಾಬಾಸಾಹೇಬರು ಹಡಗಿನಿಂದಲೇ ಸಂಘದ ಕಾರ್ಯದರ್ಶಿ ಠಕ್ಕರ್ ಅವರಿಗೆ ಉದ್ದದ ಪತ್ರ ಬರೆದರು. ಅದರ ತಿರುಳು ಇಷ್ಟು. ದಲಿತರ ಕೆಲಸವನ್ನು ಎರಡು ರೀತಿಯಲ್ಲಿ ಮಾಡಬಹುದು. ಬಡತನಕ್ಕೆ ಆ ಮನುಷ್ಯನ ನಡತೆಯೇ ಕಾರಣ ಎಂದು ತಿಳಿದು ಕುಡಿತ ಬಿಡಿಸುವುದು, ಸ್ನಾನ ಮಾಡಿಸುವುದು, ಬುದ್ಧಿ ಹೇಳುವುದು ಒಂದು ರೀತಿ. ಅವನ ಸುತ್ತಲಿನ ವ್ಯವಸ್ಥೆಯೇ ಕಾರಣ ಎಂದು ತಿಳಿದು ಬಾವಿ, ಶಾಲೆ, ಚಾವಡಿ, ರಸ್ತೆಗಳ ಹಕ್ಕಿಗಾಗಿ ಹಳ್ಳಿ ಹಳ್ಳಿಯಲ್ಲಿ ನಿಲ್ಲುವುದು ಇನ್ನೊಂದು. ಸಂಘ ಎರಡನೆಯದನ್ನು ಹಿಡಿಯಬೇಕು ಎಂದರು. ಮತ್ತೊಂದು ಮಾತನ್ನೂ ಸೇರಿಸಿದರು. ಕೆಲಸಗಾರರನ್ನು ಆದಷ್ಟು ದಲಿತರಿಂದಲೇ ತೆಗೆದುಕೊಳ್ಳಿ, ಪ್ರೀತಿಯಿಲ್ಲದೆ ಸೇವೆಯಾಗದು. ಹಾಗಂತ ನಮ್ಮವರನ್ನೂ ಅವರು ಬಿಡಲಿಲ್ಲ. ಸಮಾಜಸೇವೆಯ ಹೆಸರಲ್ಲಿ ಹೊಟ್ಟೆ ಹೊರೆಯುವ ಕಳ್ಳರು ನಮ್ಮಲ್ಲೂ ಇದ್ದಾರೆಂದು ಅದೇ ಪತ್ರದಲ್ಲಿ ಒಪ್ಪಿಕೊಂಡರು. ಸಂಘ ಅವರ ದಾರಿ ಹಿಡಿಯಲಿಲ್ಲ. ಬಾಬಾಸಾಹೇಬರು ಹೊರಬಂದರು.

ಈಗ ಓದಿನ ಮಾತಿಗೆ ಬರೋಣ. ಈ ದೇಶದಲ್ಲಿ ಸಮಾಜಕಾರ್ಯವನ್ನು ಕಾಲೇಜಿನ ಓದಾಗಿ ಕಲಿಸಲು ಶುರುವಾದದ್ದು 1936ರಲ್ಲಿ, ಮುಂಬಯಿಯ ಸರ್ ದೊರಾಬ್ಜಿ ಟಾಟಾ ಶಾಲೆಯಲ್ಲಿ. ಇವತ್ತು ಟಿಸ್ ಅನ್ನುತ್ತೇವಲ್ಲ, ಅದೇ. ನಾಗಪಾಡಾದ ಕೂಲಿಕಾರರ ವಸತಿಯಲ್ಲಿ ಕೆಲಸ ಮಾಡುತ್ತಿದ್ದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕನ್ ಪಾದ್ರಿ ಅದರ ಮೊದಲ ನಿರ್ದೇಶಕ. ಅದೇ 1936ರಲ್ಲಿ ಬಾಬಾಸಾಹೇಬರ 'ಜಾತಿ ವಿನಾಶ' ಅಚ್ಚಾಯಿತು. ಒಂದೇ ವರ್ಷ, ಎರಡು ಓದು. ಒಂದು ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಕಲಿಸಿತು, ಇನ್ನೊಂದು ಹೊಡೆದ ಕೈ ಯಾರದೆಂದು ಕೇಳಿತು. ನಮ್ಮ ಹುಡುಗರು ಎರಡನ್ನೂ ಒಟ್ಟಿಗೆ ಓದಬೇಕು ಅನ್ನುವುದೇ ಈ ಸಂಪಾದಕೀಯದ ಮಾತು.

ಕರ್ನಾಟಕಕ್ಕೆ ಈ ಓದು ಬಂದು ಬಹಳ ಕಾಲವಾಯಿತು. ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಶುರುವಾಯಿತು. ಆಮೇಲೆ ಧಾರವಾಡ, ಬೆಂಗಳೂರು, ಮೈಸೂರು ಎಂದು ಹಬ್ಬಿತು. ನಮ್ಮ ಊರಲ್ಲೇ, ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯದಲ್ಲಿ, ತಂಗಿಯಂದಿರಿಗೆ ಈ ಓದು ಇದೆ. ಅಮೆರಿಕದಲ್ಲಿ ಇದರ ಕೆಳಗಿನ ಮೆಟ್ಟಿಲನ್ನು 'ಮಾನವ ಸೇವೆ' ಎಂಬ ಹೆಸರಿನಲ್ಲಿ ಊರೂರಿನ ಸಮುದಾಯ ಕಾಲೇಜುಗಳು ಎರಡು ವರ್ಷದಲ್ಲಿ ಕಲಿಸುತ್ತವೆ. ಫೀ ಕಡಿಮೆ, ಬೇಗ ಕೆಲಸ ಎಂಬ ಲೆಕ್ಕದಲ್ಲಿ ದುಡಿಯುವವರ ಮಕ್ಕಳು ಅಲ್ಲಿ ಸೇರುತ್ತಾರೆ. ನಮ್ಮಲ್ಲಿ ಬಿ.ಎಸ್.ಡಬ್ಲ್ಯೂ., ಎಂ.ಎಸ್.ಡಬ್ಲ್ಯೂ. ಮಾಡುವವರದೂ ಅದೇ ಲೆಕ್ಕ.

ಈ ಓದಿನಲ್ಲಿ ಉಳಿದ ಎಂ.ಎ.ಗಳಲ್ಲಿ ಇಲ್ಲದ ಒಂದು ಸಂಗತಿಯಿದೆ. ಅದು ಕ್ಷೇತ್ರಕಾರ್ಯ. ವಾರದಲ್ಲಿ ಒಂದೆರಡು ದಿನ ಆಸ್ಪತ್ರೆ, ಕೋರ್ಟು, ಬಾಲಮಂದಿರ, ಸ್ಲಮ್ಮು, ಹಳ್ಳಿ ಎಂದು ಹೋಗಿ ಕೆಲಸ ಮಾಡಿ ವರದಿ ಬರೆಯಬೇಕು. ಒಬ್ಬ ಮನುಷ್ಯನ ಮುಂದೆ ಕೂತು ಅವನ ಮಾತನ್ನು ಪೂರಾ ಕೇಳುವುದು, ಗುಂಪು ಕೂಡಿಸುವುದು, ಕಾಯ್ದೆ ಓದುವುದು, ಅರ್ಜಿ ಬರೆಯುವುದು, ಲೆಕ್ಕ ಇಡುವುದು. ಇವು ಕೈಕಸುಬು. ಭಾಷಣ ಹೊಡೆಯಲು ನಮಗೆ ಬರುತ್ತದೆ, ಕವಿತೆ ಕಟ್ಟಲು ಬರುತ್ತದೆ. ಕಡತ ಓದಲು ಬರುವುದಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ನಮ್ಮ ಓಣಿಯ ಒಬ್ಬ ಚಿಗವ್ವನ ಮಾತು ಹೇಳುತ್ತೇನೆ. ಗಂಡ ತೀರಿಹೋದ. ವಿಧವಾ ಪೆನ್ಶನ್ನಿಗೆಂದು ಒಂದು ಕಚೇರಿಗೆ ನಾಲ್ಕು ಸಲ ಹೋಗಿ ಬಂದಳು. ದ್ರಾಕ್ಷಿ ತೋಟದ ಕೂಲಿ ನಾಲ್ಕು ದಿನ ಹೋಯಿತು. "ನಾಳೆ ಬಾ" ಅಂದರು, "ಸಾಹೇಬ್ರಿಲ್ಲ" ಅಂದರು, "ಕಾಗದ ಕಮ್ಮಿ ಅದಾವ" ಅಂದರು. ಯಾವ ಕಾಗದ ಎಂದು ಯಾರೂ ಹೇಳಲಿಲ್ಲ. ನಾನು ಕವಿ. ಅವಳ ಕಣ್ಣೀರಿನ ಮೇಲೆ ಒಂದು ಪದ್ಯ ಬರೆದೆ. ಪದ್ಯ ಚೆನ್ನಾಗಿತ್ತು, ಸಭೆಯಲ್ಲಿ ಚಪ್ಪಾಳೆ ಬಿತ್ತು. ಪೆನ್ಶನ್ ಬರಲಿಲ್ಲ.

ಐದನೆಯ ಸಲ ಅವಳ ಜೊತೆ ಹೋದವನು ಎಂ.ಎಸ್.ಡಬ್ಲ್ಯೂ. ಓದುತ್ತಿದ್ದ ಅವಳ ಅಳಿಯ, ಅಂದರೆ ಅವಳಣ್ಣನ ಮಗ. ಅವನು ಜಗಳಾಡಲಿಲ್ಲ. ಬೇಕಾದ ಕಾಗದಗಳ ಪಟ್ಟಿಯನ್ನು ಮೊದಲೇ ಬರೆದುಕೊಂಡಿದ್ದ. ಅರ್ಜಿ ಕೊಟ್ಟ ಮೇಲೆ ಒಂದೇ ಮಾತು ಕೇಳಿದ: "ಸಕಾಲದ ನಂಬರ್ ಕೊಡ್ರಿ ಸರ್." 2011ರಲ್ಲಿ ನಮ್ಮ ರಾಜ್ಯ ಒಂದು ಕಾಯ್ದೆ ಮಾಡಿದೆ. ಅದರ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟರೆ 15 ಅಂಕಿಯ ಒಂದು ಸಂಖ್ಯೆ ಕೊಡಬೇಕು, ಗೊತ್ತಾದ ದಿನಗಳೊಳಗೆ ಕೆಲಸ ಮುಗಿಸಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಕೊಡಬೇಕು. ಗುಮಾಸ್ತ ತಲೆಯೆತ್ತಿ ನೋಡಿದ, ಆಮೇಲೆ ಬರೆದುಕೊಟ್ಟ. ಪೆನ್ಶನ್ ಬಂತು. ಆದರೆ ಚಿಗವ್ವ ಇವತ್ತಿಗೂ ಪೆನ್ಶನ್ನಿನ ಮಾತಿಗಿಂತ ಮೊದಲು ಇನ್ನೊಂದು ಮಾತು ಹೇಳುತ್ತಾಳೆ: "ನಮ್ಮ ಹುಡುಗ ಅಲ್ಲೇ ಇದ್ದ ಕುರ್ಚಿ ಎಳದು ನನ್ನ ಕುಂದರಸಿದಾ ನೋಡಪಾ. ನಾಕ್ ಸಲಾ ನಿಂತಿದ್ದೆ, ಯಾರೂ ಕುಂದ್ರು ಅಂದಿರಲಿಲ್ಲ."

ಸಮಾಜಕಾರ್ಯ ಅಂದರೆ ಇದು. ಅಲ್ಲಿ ದಾನ ಇರಲಿಲ್ಲ, ದಯೆ ಇರಲಿಲ್ಲ. ಕಾಯ್ದೆ ತಿಳಿದ ಒಂದು ತಲೆ ಇತ್ತು, ಅವಳ ಕಾಲುನೋವು ತಿಳಿದ ಒಂದು ಎದೆ ಇತ್ತು.

ಪಾಠದ ಪುಸ್ತಕವನ್ನು ಮಾತ್ರ ಕಣ್ಣುಮುಚ್ಚಿ ನುಂಗಬೇಡಿ. ಅದರ ಬಹುಪಾಲು ಇಂಗ್ಲೆಂಡು, ಅಮೆರಿಕದಿಂದ ಬಂದದ್ದು. ಅದರಲ್ಲಿ 'ಕ್ಲೈಂಟ್' ಇರುತ್ತಾನೆ, ಅವನ 'ಹೊಂದಾಣಿಕೆಯ ಸಮಸ್ಯೆ' ಇರುತ್ತದೆ. ಕೆರೆಯ ನೀರು ಮುಟ್ಟಿದ್ದಕ್ಕೆ ಹೊಡೆತ ತಿಂದವನ ಸಮಸ್ಯೆ ಹೊಂದಾಣಿಕೆಯದೇ? ದೇವದಾಸಿ ಬಿಟ್ಟ ಹೆಣ್ಣುಮಗಳಿಗೆ ಆಪ್ತ ಸಮಾಲೋಚನೆ ಬೇಕು, ಸರಿ. 1982ರ ದೇವದಾಸಿ ನಿಷೇಧ ಕಾಯ್ದೆಯ ಕೇಸು ಯಾಕೆ ದಾಖಲಾಗಲಿಲ್ಲ ಎಂದು ಯಾರು ಕೇಳಬೇಕು? ಕರಿಯರ ಅನುಭವವನ್ನೂ ನೋಡಿ. 1920ರಲ್ಲಿ ಅಟ್ಲಾಂಟಾದಲ್ಲಿ ಕರಿಯರಿಗಾಗಿ ಸಮಾಜಕಾರ್ಯದ ಶಾಲೆ ತೆಗೆದರು. ಅದನ್ನು ನಡೆಸುತ್ತಿದ್ದ ಫ್ರಾಂಕ್ಲಿನ್ ಫ್ರೇಜಿಯರ್ ಎಂಬ ಕರಿಯ ವಿದ್ವಾಂಸ 1927ರಲ್ಲಿ ಒಂದು ಲೇಖನ ಬರೆದು ರೋಗ ಇರುವುದು ಜನಾಂಗದ್ವೇಷಿ ಬಿಳಿಯರ ಮನಸ್ಸಿನಲ್ಲಿ ಎಂದ. ಊರು ಬಿಡಬೇಕಾಯಿತು. 1968ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಸಮ್ಮೇಳನದಿಂದ ಕರಿಯ ಸಮಾಜ ಕಾರ್ಯಕರ್ತರು ಎದ್ದು ಹೊರನಡೆದು ತಮ್ಮದೇ ಸಂಘ ಕಟ್ಟಿದರು. ಅವರು ಓದು ಬಿಡಲಿಲ್ಲ, ನೌಕರಿ ಬಿಡಲಿಲ್ಲ. ಓದನ್ನು ತಮ್ಮ ಜನರ ಕಡೆಗೆ ತಿರುಗಿಸಿದರು.

ಇನ್ನು ನೌಕರಿ. ಸಿಹಿ ಮಾತು ಹೇಳಿ ನಿಮ್ಮ ಎರಡು ವರ್ಷ ಹಾಳು ಮಾಡುವುದು ನಮಗೆ ಬೇಡ.

ಈ ಓದಿಗೆ ಕಾಯ್ದೆಯೇ ಜಾಗ ಇಟ್ಟ ಕಡೆಗಳಿವೆ. 1948ರ ಕಾರ್ಖಾನೆ ಕಾಯ್ದೆ 500 ಮತ್ತು ಹೆಚ್ಚು ಕಾರ್ಮಿಕರಿದ್ದ ಕಡೆ ಕಲ್ಯಾಣ ಅಧಿಕಾರಿ ಇರಲೇಬೇಕೆಂದಿತು. ಹಳೆಯ ಎಂ.ಎಸ್.ಡಬ್ಲ್ಯೂ.ಗಳಲ್ಲಿ ಬಹಳ ಮಂದಿಗೆ ಅನ್ನ ಕೊಟ್ಟದ್ದು ಅದೇ. 2015ರ ಬಾಲನ್ಯಾಯ ಕಾಯ್ದೆಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂಡಬೇಕು, ಅವರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ಅದು ಸಂಬಳದ ನೌಕರಿ ಅಲ್ಲ, ಅನುಭವ ಬೇಕು. ಆದರೆ ಕಳ್ಳತನದ ಆರೋಪ ಹೊತ್ತು ನಿಂತ ಕೇರಿಯ ಹುಡುಗನ ಎದುರು, ಆ ಪೀಠದ ಮೇಲೆ, ಒಂದಲ್ಲ ಒಂದು ದಿನ ನೀವು ಕೂಡಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಹೆಸರಿಟ್ಟು ಗುರುತಿಸಿದೆ. ಅದಕ್ಕೆ ಎಂ.ಎಸ್.ಡಬ್ಲ್ಯೂ. ಮೇಲೆ ಇನ್ನೂ ಎರಡು ವರ್ಷದ ತರಬೇತಿಯ ಓದು ಕೇಳುತ್ತದೆ. ಇನ್ನು ಆಸ್ಪತ್ರೆಯ ಆಪ್ತ ಸಮಾಲೋಚಕರು, ಮಕ್ಕಳ ರಕ್ಷಣಾ ಘಟಕ, ಸ್ವಯಂಸೇವಾ ಸಂಸ್ಥೆಗಳು. ಹಾಸ್ಟೆಲ್ ವಾರ್ಡನ್ ಆಗಬೇಕೆಂದರೆ ಎಂ.ಎಸ್.ಡಬ್ಲ್ಯೂ. ಇದ್ದ ಮಾತ್ರಕ್ಕೆ ಆಗುವುದಿಲ್ಲ. ಅಧಿಸೂಚನೆಯಲ್ಲಿ ಏನು ವಿದ್ಯಾರ್ಹತೆ ಕೇಳಿದ್ದಾರೆ ಎಂದು ಮೊದಲು ಓದಿ, ಪರೀಕ್ಷೆಗೆ ಕೂಡಿ.

ಈ ಕೆಲಸಗಳಲ್ಲಿ ಬಹಳಷ್ಟು ಗುತ್ತಿಗೆಯವು. ಯೋಜನೆ ಇದ್ದರೆ ನೌಕರಿ, ಯೋಜನೆ ಮುಗಿದರೆ ಮನೆ. 1098 ಮಕ್ಕಳ ಸಹಾಯವಾಣಿಯನ್ನೇ ನೋಡಿ. 1996ರಲ್ಲಿ ಮುಂಬಯಿಯಲ್ಲಿ ಟಿಸ್‌ನ ಕ್ಷೇತ್ರಕಾರ್ಯವಾಗಿ ಹುಟ್ಟಿದ್ದು, ದೇಶದ ತುಂಬ ಸ್ವಯಂಸೇವಾ ಸಂಸ್ಥೆಗಳ ಕೈಯಲ್ಲಿ ಬೆಳೆಯಿತು. 2023ರಲ್ಲಿ ಸರಕಾರವೇ ಅದನ್ನು ತೆಗೆದುಕೊಂಡಿತು. ಸಂಸ್ಥೆಗಳಲ್ಲಿ ರಾತ್ರಿ ಫೋನು ಎತ್ತುತ್ತಿದ್ದವರು, ಬಸ್‌ಸ್ಟ್ಯಾಂಡಿನಿಂದ ಮಕ್ಕಳನ್ನು ಕರೆತರುತ್ತಿದ್ದವರು ಮತ್ತೆ ಕೆಲಸ ಹುಡುಕಬೇಕಾಯಿತು.

ಕೋರ್ಟಿನ ಮಾತೂ ತಿಳಿದಿರಲಿ. 2006ರಲ್ಲಿ ನಮ್ಮ ರಾಜ್ಯದ್ದೇ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು, ಕ್ರಮಬದ್ಧ ನೇಮಕಾತಿ ಇಲ್ಲದೆ ಸೇರಿದವರು ಕಾಯಂ ಮಾಡಿರೆಂದು ಹಕ್ಕಿನಿಂದ ಕೇಳುವಂತಿಲ್ಲ. ಆ ತೀರ್ಪನ್ನೇ ಗುರಾಣಿ ಮಾಡಿಕೊಂಡು ವರ್ಷಗಟ್ಟಲೆ ದುಡಿಸಿಕೊಂಡವರನ್ನು ಹೊರದಬ್ಬುವುದು ನಡೆಯಿತು. 2024ರ ಡಿಸೆಂಬರಿನಲ್ಲಿ ಜಗ್ಗೋ ಪ್ರಕರಣದಲ್ಲಿ ಅದೇ ಕೋರ್ಟು ಅದಕ್ಕೆ ಛೀಮಾರಿ ಹಾಕಿತು. ಆ ಕೇಸು ಗೆದ್ದವರಲ್ಲಿ ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದ ಹೆಂಗಸರಿದ್ದರು. ಪೊರಕೆ ಹಿಡಿದ ಅಕ್ಕಂದಿರು ದಿಲ್ಲಿಯ ಕೋರ್ಟಿಗೆ ಹೋಗಿ ಗೆಲ್ಲುತ್ತಾರೆ. ಪದವಿ ಹಿಡಿದ ನಾವು ನೇಮಕಾತಿ ಪತ್ರ ಕೂಡ ಕೇಳುವುದಿಲ್ಲ.

'ಗೌರವಧನ' ಎಂಬ ಶಬ್ದಕ್ಕೂ ಎಚ್ಚರವಿರಲಿ. ಗೌರವ ಅವರದು, ಧನವೂ ಅವರದು, ದುಡಿಮೆ ಮಾತ್ರ ನಮ್ಮದು. ಅಂಗನವಾಡಿ ಯೋಜನೆ ಶುರುವಾದದ್ದು 1975ರಲ್ಲಿ. ಅಲ್ಲಿ ದುಡಿಯುವ ಅಕ್ಕಂದಿರಿಗೂ ಗ್ರಾಚ್ಯುಯಿಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು ಹೇಳಲು 2022 ಬರಬೇಕಾಯಿತು. ನಡುವಿನ 47 ವರ್ಷ ಅವರು ಮಾಡಿದ್ದಕ್ಕೆ ಸೇವೆ ಅಂದರು, ಕೆಲಸ ಅನ್ನಲಿಲ್ಲ. ಕಣದ ಅಂಚಿನ ಜೋಳಕ್ಕೂ ಇದಕ್ಕೂ ಎಷ್ಟು ದೂರ?

ಆದುದರಿಂದ ಸೇರುವ ಮುಂಚೆ ನಾಲ್ಕು ಮಾತು ಕೇಳಿಕೊಳ್ಳಿ. ಕೋರ್ಸಿಗೆ ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ? ಕ್ಷೇತ್ರಕಾರ್ಯಕ್ಕೆ ನಿಜವಾಗಿ ಕಳಿಸುತ್ತಾರೋ, ಹಾಳೆಯ ಮೇಲೆ ಮುಗಿಸುತ್ತಾರೋ? ಇದನ್ನು ಮೇಷ್ಟ್ರನ್ನು ಕೇಳಬೇಡಿ, ಹಿಂದಿನ ವರ್ಷದ ಹುಡುಗರನ್ನು ಕೇಳಿ. ವಿದ್ಯಾರ್ಥಿವೇತನ ಮತ್ತು ಹಾಸ್ಟೆಲು ಸಿಗುತ್ತದೆಯೇ? ಅಲ್ಲಿ ಓದಿದವರು ಈಗ ಎಲ್ಲಿ, ಎಷ್ಟು ಸಂಬಳಕ್ಕೆ ಇದ್ದಾರೆ? ಸೇರಿದ ಮೇಲೆ ಇಂಗ್ಲಿಷಿಗೆ ಹೆದರಬೇಡಿ, ಆದರೆ ಅದನ್ನು ಬಿಡಲೂ ಬೇಡಿ. ಕಡತದ ಬೀಗ ಬಹಳ ಕಡೆ ಆ ಭಾಷೆಯಲ್ಲಿದೆ. ಜೊತೆಗೆ ಮೂರು ಕಾಯ್ದೆಗಳನ್ನು ಓದಿ ಅರಗಿಸಿಕೊಳ್ಳಿ. 1989ರ ದೌರ್ಜನ್ಯ ತಡೆ ಕಾಯ್ದೆ ಮತ್ತು ಅದರ 1995ರ ನಿಯಮಗಳು ಒಂದು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಕೂಡಬೇಕೆಂದು ಆ ನಿಯಮದಲ್ಲಿದೆ. ಕೂಡಿತೇ ಎಂದು ಕೇಳಿ. ಎರಡನೆಯದು ಮಲಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ. ಮೂರನೆಯದು ನಮ್ಮ ರಾಜ್ಯದ 2013ರ ಉಪಯೋಜನೆ ಕಾಯ್ದೆ. ನಮ್ಮ ಹಣವನ್ನು ಬೇರೆ ಕಡೆ ತಿರುಗಿಸಲು ದಾರಿಯಾಗಿದ್ದ ಅದರ 7(ಡಿ) ಕಲಮು 2023ರಲ್ಲಿ ಹೋದದ್ದು ಕೇಳುವವರು ಇದ್ದುದರಿಂದ.

ಕೊನೆಗೆ ಒಂದು ಕಹಿ ಮಾತು. ಕುರ್ಚಿ ಸಿಕ್ಕ ಮೇಲೆ ಮರೆಯುವ ರೋಗ ನಮ್ಮವರಿಗೂ ಇದೆ. ಹಾಸ್ಟೆಲಿನಲ್ಲಿ ತಿಳಿಸಾರು ಉಂಡು ಬೆಳೆದವನೇ ನಾಳೆ ಅಧಿಕಾರಿಯಾಗಿ ಅದೇ ಮಕ್ಕಳ ಸಾರಿಗೆ ನೀರು ಹೊಯ್ಯಬಲ್ಲ. ಕೇರಿಯ ಫೋಟೋ ತೆಗೆದು, ಯೋಜನೆ ಬರೆದು, ಹಣ ತಂದು, ಫಲಾನುಭವಿಗಳ ಪಟ್ಟಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಬಲ್ಲ. ಬಾಬಾಸಾಹೇಬರು ಹಡಗಿನಲ್ಲಿ ಕೂತು ಬರೆದ ಎಚ್ಚರಿಕೆ ಅವನಿಗೇ ಸಲ್ಲುತ್ತದೆ. ನಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಾತ್ರಕ್ಕೆ ಯಾರೂ ನಮ್ಮವರಾಗುವುದಿಲ್ಲ. ಬಾಗಿಲಲ್ಲಿ ನಿಂತ ಮುದುಕಿಗೆ ಕುಂದ್ರವ್ವಾ ಅನ್ನುವವನು ನಮ್ಮವನು.

ಬಬಲೇಶ್ವರದ ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ: ನೌಕರಿ ಸಿಗತೈತಿ, ಲಗೂ ಸಿಗೂದಿಲ್ಲ, ಸಿಕ್ಕದ್ದನ್ನ ಕಾಯಂ ಮಾಡ್ಕೊಳ್ಳಾಕ ಸಂಘ ಕಟ್ಟಬೇಕಾಗತೈತಿ. ತಿಕೋಟಾದ ತಮ್ಮಾ, ನಿಮ್ಮ ಆಯಿ ಮಾಡಿದ್ದು ಸೇವೆಯಲ್ಲ, ಬಿಟ್ಟಿ. ಅದರ ಬಾಕಿ ಯಾರೂ ತೀರಿಸಿಲ್ಲ. ನೀನು ಓದಿ ಆ ಮೇಜಿನ ಹಿಂದೆ ಕೂತ ದಿನ ಮೊದಲ ಕಂತು ಸಂದಾಯವಾಗುತ್ತದೆ ಎಂದು ತಿಳಿ.

ಪ್ರವೇಶದ ಅರ್ಜಿ ತುಂಬುವವರು ಅಂಕಪಟ್ಟಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ ಹಿಡಿದು ಭಾನುವಾರ ಮುಂಜಾನೆ ಪೇಟೆಯ ಕೋಣೆಗೆ ಬರ್ರಿ. ಎಲ್ಲರೂ ಕೂಡಿ ತುಂಬೋಣ. ತಂಗಿಯರನ್ನೂ ಕರಕೊಂಡು ಬರ್ರಿ.